ತಪ್ಪು ಅವನದು, ಬಿಲ್ ಯಾರದು?

"ಇಪ್ಪತ್ತು ವರ್ಷ ಬೀಡಿ ಸೇದಿ ಹಾರ್ಟ್ ಕೆಡಿಸಿಕೊಂಡಿದ್ದು ಅವನು. ಅವನ ಆಪರೇಷನ್‌ಗೆ ನಮ್ಮಪ್ಪ ಕಟ್ಟೋ ಟ್ಯಾಕ್ಸ್ ಯಾಕೆ ಹೋಗಬೇಕು?"

ಈ ಮಾತನ್ನ ಮೆಸ್‌ನಲ್ಲೋ ಕ್ಯಾಂಟೀನ್‌ನಲ್ಲೋ ನೀವೂ ಕೇಳಿರ್ತೀರಿ. ಬಹುಶಃ ನೀವೇ ಹೇಳಿರ್ತೀರಿ. ಇದನ್ನ ಕರುಣೆ ಇಲ್ಲದವರ ಮಾತು ಅಂತ ತಳ್ಳಿಹಾಕೋದು ಸುಲಭ. ಆದರೆ ಇದು ಪೆದ್ದು ಪ್ರಶ್ನೆ ಅಲ್ಲ. ಒಬ್ಬರು ಮಾಡಿದ ತಪ್ಪಿಗೆ ಇನ್ನೊಬ್ಬರು ದಂಡ ಕಟ್ಟಬೇಕಾ ಅನ್ನೋದು ನ್ಯಾಯದ ಪ್ರಶ್ನೆ. ಅದಕ್ಕೆ ಉತ್ತರವೂ ಲೆಕ್ಕ ಹಾಕಿಯೇ ಕೊಡಬೇಕು.

ಈ ಲೆಕ್ಕವನ್ನ ನಾನು ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿ ಕಡೆಯಿಂದ ನೋಡೋಕೆ ಹೊರಟಿದ್ದೀನಿ. ಅದಕ್ಕೆ ಒಂದು ಕಾರಣ ಇದೆ. "ರೋಗ ಬರೋದು ಅವರವರ ಅಭ್ಯಾಸದಿಂದಲೋ, ಸಾವು ಬರೋದು ದುಡ್ಡಿಲ್ಲದ್ದರಿಂದಲೋ" ಅನ್ನೋದನ್ನ ಅಳೆಯುವಂಥ ಒಂದು ಸಂದರ್ಭ ಈ ಭಾಗದ ಜಿಲ್ಲೆಗಳ ಗಡಿಯಲ್ಲಿ ಸೃಷ್ಟಿಯಾಗಿತ್ತು. ಅದನ್ನ ಅಳೆದೂ ಇದ್ದಾರೆ. ಅಲ್ಲಿಗೆ ಹೋಗೋ ಮುಂಚೆ ಸ್ವಲ್ಪ ಪ್ರಾಬಬಿಲಿಟಿ.

ಇನ್ಶೂರೆನ್ಸ್ ಅಂದ್ರೆ ವೇರಿಯನ್ಸ್ ಕಡಿಮೆ ಮಾಡೋದು

ಒಂದು ಊರಲ್ಲಿ 1,000 ಮನೆ ಇದೆ ಅಂತ ಇಟ್ಕೊಳ್ಳಿ. ಯಾವುದೇ ಒಂದು ವರ್ಷದಲ್ಲಿ ಒಂದು ಮನೆಗೆ ದೊಡ್ಡ ಕಾಯಿಲೆ ಬರೋ ಸಂಭವ ನೂರಕ್ಕೆ 1. ಬಂದರೆ ಖರ್ಚು 2 ಲಕ್ಷ. ಇವೆಲ್ಲ ಲೆಕ್ಕಕ್ಕೆ ಅಂತ ನಾನೇ ಇಟ್ಟುಕೊಂಡ ಅಂಕಿಗಳು.

ಸರಾಸರಿ ತೆಗೆದರೆ ಒಂದು ಮನೆಗೆ ವರ್ಷಕ್ಕೆ 2,000 ರೂಪಾಯಿ. ಆದರೆ ಯಾವ ಮನೆಯೂ 2,000 ಖರ್ಚು ಮಾಡಲ್ಲ. 990 ಮನೆಗೆ ಖರ್ಚು ಸೊನ್ನೆ, 10 ಮನೆಗೆ 2 ಲಕ್ಷ. ಸ್ಟ್ಯಾಂಡರ್ಡ್ ಡೀವಿಯೇಷನ್ ಹಾಕಿ ನೋಡಿ, ಸುಮಾರು 20,000 ಬರುತ್ತೆ. ಸರಾಸರಿಯ ಹತ್ತು ಪಟ್ಟು! ಮಗ್ಗ ನೇಯೋ ಮನೆಗೋ, ಶೇಂಗಾ ಬೆಳೆಯೋ ಮನೆಗೋ ಆ 2 ಲಕ್ಷ ಅಂದ್ರೆ ಹೊಲ ಅಡ ಇಡೋದು, ಮಗಳ ಓದು ನಿಲ್ಲಿಸೋದು, ಬಡ್ಡಿ ಸಾಲ.

ಈಗ ಸಾವಿರ ಮನೆಯೂ ವರ್ಷದ ಮೊದಲೇ ಒಂದೇ ಡಬ್ಬಕ್ಕೆ ದುಡ್ಡು ಹಾಕಿದರೆ? ಸರಾಸರಿ ಬದಲಾಗಲ್ಲ, ಅದೇ 2,000. ಆದರೆ ತಲಾ ಮನೆ ಹಂಚಿಕೆಯ ಡೀವಿಯೇಷನ್ ಸಾವಿರದ ವರ್ಗಮೂಲದಿಂದ ಭಾಗವಾಗಿ 630ರ ಆಸುಪಾಸಿಗೆ ಇಳಿಯುತ್ತೆ. ಖರ್ಚು ಒಂದು ಪೈಸೆ ಕಡಿಮೆ ಆಗಿಲ್ಲ, ಹೆದರಿಕೆ ಮಾತ್ರ ಕಡಿಮೆ ಆಯ್ತು. ಮೂರನೇ ಸೆಮಿಸ್ಟರ್ ಗಣಿತದಲ್ಲಿ ಓದೋ ಸೂತ್ರಕ್ಕೆ ಇದಕ್ಕಿಂತ ಒಳ್ಳೆ ಉಪಯೋಗ ನನಗಂತೂ ಕಂಡಿಲ್ಲ.

ತೊಂದರೆ ಶುರುವಾಗೋದು ಇಲ್ಲಿಂದ. ಆರೋಗ್ಯವಾಗಿರೋ ಒಬ್ಬ ಯುವಕ "ನನಗೇನೂ ಆಗಲ್ಲ, ನಾನ್ಯಾಕೆ ಕಟ್ಟಲಿ" ಅಂತಾನೆ. ಅಂಥ 500 ಮನೆ ಹೊರಗೆ ಹೋದವು ಅನ್ನಿ. ಕಾಯಿಲೆಯವರು ಮಾತ್ರ ಒಳಗೇ ಉಳಿದರು. ಅದೇ 20 ಲಕ್ಷವನ್ನ ಈಗ 500 ಮನೆ ಹಂಚಿಕೊಳ್ಳಬೇಕು, ತಲಾ 4,000. ಇಷ್ಟು ಜಾಸ್ತಿ ಆಯ್ತು ಅಂತ ಇನ್ನಷ್ಟು ಜನ ಬಿಡ್ತಾರೆ. ಮತ್ತೆ ಏರುತ್ತೆ. ಕೊನೆಗೆ ಡಬ್ಬವೇ ಮುಚ್ಚುತ್ತೆ. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲಿ ಬರೆದ ಒಂದು ಪ್ರಸಿದ್ಧ ಲೇಖನದ ತಿರುಳೂ ಇದಕ್ಕೆ ಹತ್ತಿರದ್ದೇ: ಕಾಯಿಲೆ ಯಾವಾಗ ಬರುತ್ತೆ ಗೊತ್ತಿಲ್ಲ, ಯಾವ ಚಿಕಿತ್ಸೆ ಬೇಕು ಅನ್ನೋದು ರೋಗಿಗಿಂತ ಡಾಕ್ಟರ್‌ಗೇ ಹೆಚ್ಚು ಗೊತ್ತು. ಆದ್ದರಿಂದ ಆರೋಗ್ಯವನ್ನ ಟೊಮೆಟೊ ಥರ ಮಾರ್ಕೆಟ್‌ಗೆ ಬಿಟ್ಟು ಸುಮ್ಮನಿರೋಕೆ ಆಗಲ್ಲ.

ಹಾಗಾದ್ರೆ ವೈಯಕ್ತಿಕ ಜವಾಬ್ದಾರಿ ಅನ್ನೋದರ ಮೊದಲ ಅರ್ಥ ಇಲ್ಲೇ ಸಿಗುತ್ತೆ. ಆರೋಗ್ಯವಾಗಿದ್ದಾಗಲೇ ನನ್ನ ಪಾಲು ಕಟ್ಟೋದು. ಕಾಯಿಲೆ ಬಂದ ಮೇಲೆ ತಪ್ಪು ಯಾರದು ಅಂತ ಹುಡುಕೋದು ಬೇರೆ ವಿಷಯ.

ತಿಂಗಳಿಗೆ 5 ರೂಪಾಯಿ

ಕರ್ನಾಟಕ ಈ ಲೆಕ್ಕವನ್ನ ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದ್ದು ಯಶಸ್ವಿನಿ ಯೋಜನೆಯಲ್ಲಿ. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅವರ ಯೋಚನೆ, ರಾಜ್ಯದ ಸಹಕಾರ ಇಲಾಖೆಯ ಜಾಲ. 2003ರ ಜೂನ್‌ನಲ್ಲಿ ಚಿಕಿತ್ಸೆ ಶುರುವಾದಾಗ ರೈತ ಸದಸ್ಯರು ಕಟ್ಟಬೇಕಾಗಿದ್ದು ತಲೆಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಪಟ್ಟಿಯಲ್ಲಿರೋ ಆಪರೇಷನ್‌ಗಳಿಗೆ ಒಪ್ಪಂದದ ಆಸ್ಪತ್ರೆಯಲ್ಲಿ ದುಡ್ಡು ಕೊಡದೆ ಚಿಕಿತ್ಸೆ.

ಇದರ ಒಳಗಿನ ಜಾಣತನ ಗಮನಿಸಿ. ಯಶಸ್ವಿನಿಗೆ ಸೇರಬೇಕಾದರೆ ಸಹಕಾರ ಸಂಘದ ಸದಸ್ಯರಾಗಿರಬೇಕು. ಸಂಘಕ್ಕೆ ಜನ ಸೇರಿದ್ದು ಬೆಳೆ ಸಾಲಕ್ಕೆ, ಗೊಬ್ಬರಕ್ಕೆ, ಹಾಲಿಗೆ. ಕಾಯಿಲೆ ಇದೆ ಅಂತ ಅಲ್ಲ. ಹಾಗಾಗಿ ಡಬ್ಬಕ್ಕೆ ಬರೀ ರೋಗಿಗಳು ಬಂದು ಸೇರೋ ಅಪಾಯ ತಾನಾಗೇ ಕಡಿಮೆ ಆಗುತ್ತೆ. ವಸೂಲಿಗೆ ಹೊಸ ಆಫೀಸೂ ಬೇಡ, ಸಂಘದ ಕಾರ್ಯದರ್ಶಿಯೇ ಸಾಕು.

ಇದೇನೂ ಹೊಸ ಐಡಿಯಾ ಅಲ್ಲ. ವೇಲ್ಸ್ ದೇಶದ ಟ್ರೆಡೆಗರ್ ಅನ್ನೋ ಊರಲ್ಲಿ ಗಣಿ ಕಾರ್ಮಿಕರು ಕೂಲಿಯಲ್ಲಿ ಒಂದಿಷ್ಟು ಹಿಡಿದು ತಮ್ಮದೇ ವೈದ್ಯಕೀಯ ಸಂಘ ನಡೆಸ್ತಾ ಇದ್ದರು. ಅದೇ ಊರಲ್ಲಿ ಬೆಳೆದ ಅನ್ಯೂರಿನ್ ಬೆವನ್ ಮುಂದೆ ಬ್ರಿಟನ್ನಿನ ಆರೋಗ್ಯ ಮಂತ್ರಿಯಾದರು. ಅವರ ಕಾಲದಲ್ಲೇ, 1948ರ ಜುಲೈ 5ರಂದು, ಇಡೀ ದೇಶಕ್ಕೆ ಟ್ಯಾಕ್ಸ್ ದುಡ್ಡಿನಿಂದ ನಡೆಯೋ ಎನ್‌ಎಚ್‌ಎಸ್ ಶುರುವಾಯ್ತು. ಜರ್ಮನಿ ಬೇರೆ ದಾರಿ ಹಿಡಿದಿತ್ತು. 1883ರಲ್ಲಿ ಬಿಸ್ಮಾರ್ಕ್ ತಂದ ಕಾನೂನಿನಲ್ಲಿ ವಂತಿಗೆಯ ಮೂರರಲ್ಲಿ ಎರಡು ಪಾಲು ಕಾರ್ಮಿಕರದು, ಒಂದು ಪಾಲು ಮಾಲೀಕರದು. ನಮ್ಮ ಇಎಸ್‌ಐ ಇದೇ ಜಾತಿಯದ್ದು. 1948ರ ಕಾಯ್ದೆ, ಈಗ ನೌಕರರಿಂದ ಸಂಬಳದ 0.75%, ಮಾಲೀಕರಿಂದ 3.25%. ಸಂಬಳ ಹೆಚ್ಚಿದವರು ಹೆಚ್ಚು ಕಟ್ತಾರೆ, ಚಿಕಿತ್ಸೆ ಸಿಗೋದು ಕಾಯಿಲೆ ನೋಡಿ.

ಯಶಸ್ವಿನಿ ಬರೀ ವಂತಿಗೆಯಿಂದ ನಡೆಯಲಿಲ್ಲ ಅನ್ನೋದನ್ನೂ ಹೇಳಬೇಕು. ವಂತಿಗೆ ವರ್ಷ ಕಳೆದಂತೆ ಏರಿತು, ಸರ್ಕಾರವೂ ದುಡ್ಡು ಸೇರಿಸ್ತಾ ಬಂತು. 2018ರಲ್ಲಿ ಅದನ್ನ ಆರೋಗ್ಯ ಕರ್ನಾಟಕದ ಜೊತೆ ಸೇರಿಸಿದರು, ಆಮೇಲೆ ಸಹಕಾರ ಸಂಘಗಳ ಒತ್ತಾಯದ ಮೇಲೆ 2023ರ ಜನವರಿಯಿಂದ ಮತ್ತೆ ಬೇರೆಯಾಗಿ ಶುರುವಾಯ್ತು. ಆಗ ಗ್ರಾಮೀಣ ಭಾಗದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆ ಸರ್ಕಾರದ್ದು.

ಆದರೆ ಇಲ್ಲೊಂದು ಪ್ರಶ್ನೆ ಉಳಿಯಿತು. ಸಂಘದ ಸದಸ್ಯತ್ವವೇ ಇಲ್ಲದ ಕೂಲಿಯವರ ಗತಿ ಏನು? ಅವರಿಗೆ 60 ರೂಪಾಯಿ ಕಟ್ಟೋಕೂ ದಾರಿ ಇಲ್ಲ.

ಬಳ್ಳಾರಿ ಗಡಿಯ ಲೆಕ್ಕ

2010ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ವಾಜಪೇಯಿ ಆರೋಗ್ಯಶ್ರೀ ಅನ್ನೋ ಯೋಜನೆ ತಂತು. ಬಿಪಿಎಲ್ ಕಾರ್ಡ್ ಇದ್ದರೆ ಸಾಕು, ಒಂದು ರೂಪಾಯಿಯನ್ನೂ ಕಟ್ಟಬೇಕಾಗಿಲ್ಲ. ಹೃದಯ, ಕ್ಯಾನ್ಸರ್, ಕಿಡ್ನಿ, ನರರೋಗ, ಸುಟ್ಟಗಾಯ, ಅಪಘಾತ, ನವಜಾತ ಶಿಶು, ಇಂಥ ದೊಡ್ಡ ಖರ್ಚಿನ ಚಿಕಿತ್ಸೆಗೆ ಒಪ್ಪಂದದ ಆಸ್ಪತ್ರೆಯಲ್ಲಿ ಬಿಲ್ ಇಲ್ಲ. ಹಳ್ಳಿಗಳಲ್ಲಿ ಆರೋಗ್ಯ ಶಿಬಿರ ಮಾಡಿ ಅಲ್ಲೇ ರೋಗ ಪತ್ತೆಹಚ್ಚಿ ಕಳಿಸ್ತಾ ಇದ್ದರು.

ಯೋಜನೆ ಇಡೀ ರಾಜ್ಯಕ್ಕೆ ಒಟ್ಟಿಗೆ ಬರಲಿಲ್ಲ. ಮೊದಲು ಗುಲ್ಬರ್ಗ ವಿಭಾಗ, ಅದೇ ವರ್ಷ ಬೆಳಗಾವಿ ವಿಭಾಗ. ಬೆಂಗಳೂರು, ಮೈಸೂರು ವಿಭಾಗಗಳಿಗೆ ಬಂದಿದ್ದು 2012ರಲ್ಲಿ.

ಈಗ ಮ್ಯಾಪ್ ತೆಗೆದು ನೋಡಿ. ಬಳ್ಳಾರಿ ಜಿಲ್ಲೆ ಗುಲ್ಬರ್ಗ ವಿಭಾಗದಲ್ಲಿ. ಚಿತ್ರದುರ್ಗ ಜಿಲ್ಲೆ ಬೆಂಗಳೂರು ವಿಭಾಗದಲ್ಲಿ. ಮೊಳಕಾಲ್ಮೂರು ತಾಲ್ಲೂಕಿಗೆ ಬಳ್ಳಾರಿ ಜಿಲ್ಲೆ ಪಕ್ಕದ ಮನೆ. ಈಗ ವಿಜಯನಗರ ಜಿಲ್ಲೆಗೆ ಸೇರಿರೋ ಕೂಡ್ಲಿಗಿ ಆಗ ಬಳ್ಳಾರಿಯಲ್ಲೇ ಇತ್ತು. ಅಂದ್ರೆ ಎರಡು ವರ್ಷಕ್ಕೂ ಹೆಚ್ಚು ಕಾಲ ಕೂಡ್ಲಿಗಿ ಕಡೆಯ ಬಿಪಿಎಲ್ ಮನೆಗೆ ಹಾರ್ಟ್ ಆಪರೇಷನ್ ಫ್ರೀ, ಕೊಂಡ್ಲಹಳ್ಳಿ ಕಡೆಯ ಬಿಪಿಎಲ್ ಮನೆಗೆ ಆ ಸೌಲಭ್ಯ ಇಲ್ಲ. ಎರಡೂ ಕಡೆ ಅದೇ ಕೆಂಪು ನೆಲ, ಅದೇ ಶೇಂಗಾ, ಅದೇ ಮುದ್ದೆ, ಅದೇ ಬೀಡಿ, ಸಂಬಂಧ ಬೆಳೆಸೋದೂ ಆಚೆ ಈಚೆಯ ಊರುಗಳಲ್ಲೇ. ಮಧ್ಯೆ ಇದ್ದಿದ್ದು ಆಡಳಿತದ ಒಂದು ಗೆರೆ ಮಾತ್ರ.

ಲ್ಯಾಬ್‌ನಲ್ಲಿ ನಾವು ಉಳಿದ ವೇರಿಯಬಲ್‌ಗಳನ್ನೆಲ್ಲ ಹಾಗೇ ಇಟ್ಟು ಒಂದನ್ನೇ ಬದಲಾಯಿಸ್ತೀವಲ್ಲ, ಸರ್ಕಾರ ಗೊತ್ತಿಲ್ಲದೇ ಅದನ್ನೇ ಮಾಡಿತ್ತು. ನೀರಜ್ ಸೂದ್ ಮತ್ತು ಜೊತೆಗಾರರು ಇದನ್ನ ಗುರುತಿಸಿದರು. ಯೋಜನೆ ಇದ್ದ ಕಡೆಯ 300 ಹಳ್ಳಿ, ಗಡಿಯ ದಕ್ಷಿಣಕ್ಕೆ ಯೋಜನೆ ಇಲ್ಲದ, ಅವಕ್ಕೆ ಹೋಲುವ 272 ಹಳ್ಳಿ. ಒಟ್ಟು 60,000ಕ್ಕೂ ಹೆಚ್ಚು ಮನೆಗಳ ಸಮೀಕ್ಷೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟ ಆಯ್ತು.

ಫಲಿತಾಂಶ ಹೀಗಿದೆ. ಯೋಜನೆಯ ಪಟ್ಟಿಯಲ್ಲಿದ್ದ ಕಾಯಿಲೆಗಳಿಂದ, ಅಂದ್ರೆ ಹೆಚ್ಚಾಗಿ ಹೃದಯ ರೋಗ ಮತ್ತು ಕ್ಯಾನ್ಸರ್‌ನಿಂದ, ಬಿಪಿಎಲ್ ಮನೆಗಳಲ್ಲಿ ಸಾವಿನ ಪ್ರಮಾಣ ಯೋಜನೆ ಇದ್ದ ಕಡೆ 0.32%. ಇಲ್ಲದ ಕಡೆ 0.90%. ವ್ಯತ್ಯಾಸ 0.58 ಪರ್ಸೆಂಟೇಜ್ ಪಾಯಿಂಟ್, 95% ಕಾನ್ಫಿಡೆನ್ಸ್ ಇಂಟರ್ವಲ್ 0.40ರಿಂದ 0.75.

"ಆಚೆ ಕಡೆ ಆಸ್ಪತ್ರೆಗಳೇ ಚೆನ್ನಾಗಿರಬಹುದಲ್ಲ?" ಅಂತ ನೀವು ಕೇಳಬಹುದು. ಕೇಳಲೇಬೇಕು. ಅದಕ್ಕೆ ಅವರು ಎಪಿಎಲ್ ಮನೆಗಳನ್ನೂ ನೋಡಿದರು. ಅವರಿಗೆ ಗಡಿಯ ಎರಡೂ ಕಡೆ ಯೋಜನೆ ಇರಲಿಲ್ಲ. ಅಲ್ಲಿ ಸಾವಿನ ಪ್ರಮಾಣ ಆಚೆ 0.56%, ಈಚೆ 0.55%. ವ್ಯತ್ಯಾಸವೇ ಇಲ್ಲ. ಆಸ್ಪತ್ರೆ, ರಸ್ತೆ, ಹವಾಮಾನ, ಅಭ್ಯಾಸ ಕಾರಣ ಆಗಿದ್ದಿದ್ದರೆ ಎಪಿಎಲ್ ಮನೆಗಳಲ್ಲೂ ವ್ಯತ್ಯಾಸ ಕಾಣಬೇಕಿತ್ತು.

ಒಂದೇ ಅಧ್ಯಯನದ ಮೇಲೆ ಎಲ್ಲ ಭಾರ ಹಾಕಬಾರದು. ಇದು ಲಾಟರಿ ಎತ್ತಿ ಮಾಡಿದ ಪ್ರಯೋಗ ಅಲ್ಲ. ಮನೆಯವರ ನೆನಪಿನ ಮೇಲೆ ಸಾವಿನ ಕಾರಣ ಬರೆದುಕೊಂಡಾಗ ತಪ್ಪೂ ಆಗುತ್ತೆ. ಆದರೂ ಮೆಸ್‌ನ ಆ ಪ್ರಶ್ನೆಗೆ ಇದು ನೇರವಾದ ಉತ್ತರ. ಬೀಡಿ ಗಡಿಯ ಎರಡೂ ಕಡೆ ಇತ್ತು. ಬೀಡಿ ಸೇದಿದ್ದಕ್ಕೆ ಕಾಯಿಲೆ ಬಂದಿರಬಹುದು. ಆದರೆ ಒಬ್ಬ ಬದುಕಿ ಇನ್ನೊಬ್ಬ ಸತ್ತಿದ್ದರಲ್ಲಿ ಬಿಲ್ ಯಾರು ಕಟ್ತಾರೆ ಅನ್ನೋದರ ಪಾತ್ರ ದೊಡ್ಡದಿತ್ತು.

ಆಯ್ಕೆ ಇದ್ದರೆ ತಾನೆ ತಪ್ಪು

"ಸರಿ, ಆದರೂ ಬೀಡಿ ಬಿಡಬಹುದಿತ್ತಲ್ಲ" ಅನ್ನೋರು ಇರ್ತಾರೆ. ಬಿಡಬಹುದಿತ್ತು. ಆದರೆ ಆಸ್ಪತ್ರೆಗೆ ಬರೋ ಕಾಯಿಲೆಗಳಲ್ಲಿ ಎಷ್ಟಕ್ಕೆ ಹೀಗೆ ಹೇಳೋಕೆ ಆಗುತ್ತೆ?

ನಮ್ಮ ಕಡೆಯ ನೀರನ್ನೇ ತಗೊಳ್ಳಿ. ಮೊಳಕಾಲ್ಮೂರು, ಚಳ್ಳಕೆರೆ, ಪಕ್ಕದ ಪಾವಗಡ, ಇವು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳೋ ಭಾಗ. ಕುಡಿಯೋಕೆ ಬೋರ್‌ವೆಲ್ಲೇ ಗತಿ. ಕೆಳಗಿರೋದು ಗ್ರಾನೈಟ್ ಥರದ ಗಟ್ಟಿ ಕಲ್ಲು. ಆ ಕಲ್ಲಿನ ಖನಿಜಗಳಲ್ಲಿರೋ ಫ್ಲೋರೈಡ್ ನಿಧಾನವಾಗಿ ನೀರಿಗೆ ಕರಗುತ್ತೆ. ನೀರು ಕಲ್ಲಿನ ಸಂದಿಯಲ್ಲಿ ಹೆಚ್ಚು ಕಾಲ ನಿಂತಷ್ಟೂ ಹೆಚ್ಚು ಕರಗುತ್ತೆ. ಕುಡಿಯೋ ನೀರಿನಲ್ಲಿ ಫ್ಲೋರೈಡ್ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಅಂತ ಭಾರತದ ಮಾನದಂಡ. ಈ ತಾಲ್ಲೂಕುಗಳ ಎಷ್ಟೋ ಬೋರ್‌ವೆಲ್‌ಗಳು ಆ ಮಿತಿ ದಾಟಿವೆ.

ಪರಿಣಾಮ ಮೊದಲು ಕಾಣೋದು ಮಕ್ಕಳ ಹಲ್ಲಿನಲ್ಲಿ, ಕಂದು ಕಲೆ. ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯಾಗುತ್ತೆ, ಬೆನ್ನು ಬಗ್ಗುತ್ತೆ. ಬಂದ ಮೇಲೆ ವಾಸಿ ಮಾಡೋ ಔಷಧ ಇಲ್ಲ. ಇನ್ನೊಂದು ವಿಷಯ, ನೀರು ಕಾಯಿಸಿದರೆ ಫ್ಲೋರೈಡ್ ಹೋಗಲ್ಲ. ಆವಿ ಆಗೋದು ನೀರು ಮಾತ್ರ, ಆದ್ದರಿಂದ ಸಾಂದ್ರತೆ ಇನ್ನೂ ಹೆಚ್ಚುತ್ತೆ. ಅಂದ್ರೆ "ನೀರು ಕಾಯಿಸಿ ಕುಡೀರಿ" ಅನ್ನೋ ಮಾತನ್ನ ಚಾಚೂ ತಪ್ಪದೆ ಪಾಲಿಸಿದ ತಾಯಿಯ ಮಗುವಿನ ಹಲ್ಲೂ ಕಂದಾಗುತ್ತೆ. ಇಲ್ಲಿ ಆ ತಾಯಿಯ ತಪ್ಪು ಎಲ್ಲಿದೆ?

ಊರಲ್ಲಿ ಶುದ್ಧ ನೀರಿನ ಘಟಕ ಇದ್ದರೆ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳಬಹುದು. ಘಟಕ ಕೆಟ್ಟು ನಿಂತರೆ ಮತ್ತೆ ಬೋರ್ ನೀರು. ಕ್ಯಾನ್ ನೀರು ಕುಡಿಯೋಕೆ ಮಾತ್ರ, ಮುದ್ದೆ ಸಾರಿಗೆ ಬೋರ್ ನೀರೇ ಅನ್ನೋ ಮನೆಗಳೂ ಇರ್ತಾವೆ. ತುಂಗಭದ್ರಾ ಹಿನ್ನೀರಿನಿಂದ ಈ ತಾಲ್ಲೂಕುಗಳಿಗೆ ನೀರು ತರೋ ಬಹುಗ್ರಾಮ ಯೋಜನೆ ಇರೋದು ಇದಕ್ಕೇ. ಪೈಪ್‌ಲೈನ್ ಹಾಕೋದು ಯಾರ ವೈಯಕ್ತಿಕ ಜವಾಬ್ದಾರಿ ಅಂತ ಹೇಳ್ತೀರಿ? ಇದು ಸಿವಿಲ್ ಎಂಜಿನಿಯರ್‌ಗಳ ಕೆಲಸ, ದುಡ್ಡು ಎಲ್ಲರದ್ದು.

ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಬಗ್ಗಿ ಕೂರೋ ನೇಕಾರರ ಬೆನ್ನುನೋವು, ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರ ಇರೋ ಮಗು, ಹೊಲದಲ್ಲಿ ಹಾವು ಕಚ್ಚಿದ್ದು. ಒಂದೊಂದನ್ನೇ ತಪ್ಪಿನ ತಕ್ಕಡಿಗೆ ಹಾಕ್ತಾ ಹೋಗಿ. ಪೂರ್ತಿ ಸ್ವಂತ ತಪ್ಪು ಅನ್ನೋದು ಸಿಗೋದು ಕಷ್ಟ. ಬೀಡಿಯಲ್ಲೂ ಅಷ್ಟೇ. ಅದು ಚಟ ಹಿಡಿಸೋ ವಸ್ತು, ಹೆಚ್ಚಿನವರಿಗೆ ಅಂಟಿಕೊಳ್ಳೋದು ನಮ್ಮ ವಯಸ್ಸಿಗೋ ಇನ್ನೂ ಚಿಕ್ಕ ವಯಸ್ಸಿಗೋ.

ಹಾಗಂತ ಯಾರಿಗೂ ಜವಾಬ್ದಾರಿ ಇಲ್ಲ ಅಂತಲ್ಲ. ಅದನ್ನ ಎಲ್ಲಿ ಕೇಳಬೇಕು ಅನ್ನೋದು ಪ್ರಶ್ನೆ.

ಕೌಂಟರ್‌ಗಿಂತ ಮುಂಚೆ

ಆಸ್ಪತ್ರೆಯ ಕ್ಯಾಶ್ ಕೌಂಟರ್ ಜವಾಬ್ದಾರಿ ಕೇಳೋಕೆ ಅತಿ ಕೆಟ್ಟ ಜಾಗ. ಅಲ್ಲಿ ನಿಂತವನಿಗೆ ಬದಲಾಯಿಸೋಕೆ ಏನೂ ಉಳಿದಿರಲ್ಲ. ಇಪ್ಪತ್ತು ವರ್ಷದ ಹಿಂದಿನ ಬೀಡಿಯನ್ನ ಇವತ್ತು ಬಿಡೋಕೆ ಆಗಲ್ಲ.

"ಎಲ್ಲ ಫ್ರೀ ಕೊಟ್ಟರೆ ಜನ ಸುಮ್ಮಸುಮ್ಮನೆ ಆಸ್ಪತ್ರೆಗೆ ಬರ್ತಾರೆ" ಅನ್ನೋ ವಾದವೂ ಇದೆ. ಇದನ್ನ ಅಮೆರಿಕದಲ್ಲಿ ಪರೀಕ್ಷೆ ಮಾಡಿದ್ದಾರೆ. ರ‍್ಯಾಂಡ್ ಸಂಸ್ಥೆ 1974ರಿಂದ 1982ರವರೆಗೆ ಸಾವಿರಾರು ಜನರನ್ನ ಲಾಟರಿ ಎತ್ತಿದಂತೆ ಬೇರೆ ಬೇರೆ ಇನ್ಶೂರೆನ್ಸ್‌ಗೆ ಹಾಕಿತು. ಕೆಲವರಿಗೆ ಎಲ್ಲ ಫ್ರೀ, ಕೆಲವರು ಬಿಲ್‌ನ ಒಂದು ಪಾಲು ತಾವೇ ಕಟ್ಟಬೇಕು. ಪಾಲು ಕಟ್ಟೋರು ನಿಜವಾಗಿಯೂ ಕಡಿಮೆ ಚಿಕಿತ್ಸೆ ಪಡೆದರು. ಅಲ್ಲಿಗೆ ವಾದ ಅರ್ಧ ಸರಿ. ಆದರೆ ಅವರು ಬೇಡದ ಚಿಕಿತ್ಸೆಯನ್ನಷ್ಟೇ ಬಿಡಲಿಲ್ಲ, ಬೇಕಾದ್ದನ್ನೂ ಅಷ್ಟೇ ಬಿಟ್ಟರು. ಹೆಚ್ಚಿನವರ ಆರೋಗ್ಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಆದರೆ ಬಿಪಿ ಇದ್ದ ಬಡವರಿಗೆ ಫ್ರೀ ಇದ್ದ ಕಡೆಯೇ ಬಿಪಿ ಹತೋಟಿ ಚೆನ್ನಾಗಿತ್ತು. ಯಾವುದು ಬೇಕು, ಯಾವುದು ಬೇಡ ಅಂತ ಗೊತ್ತಿದ್ದರೆ ನಾವು ಡಾಕ್ಟರ್ ಹತ್ತಿರ ಯಾಕೆ ಹೋಗ್ತಿದ್ವಿ? ಅದೂ ಅಲ್ಲದೆ ಫ್ರೀ ಇದೆ ಅಂತ ಖುಷಿಗೆ ಎದೆ ಸೀಳಿಸಿಕೊಳ್ಳೋರು ಯಾರೂ ಇಲ್ಲ. ಬೇಡದ ಆಪರೇಷನ್ ನಡೆದರೆ ಅದರಲ್ಲಿ ರೋಗಿಗಿಂತ ಆಸ್ಪತ್ರೆಯ ಜವಾಬ್ದಾರಿಯೇ ದೊಡ್ಡದು. ಒಂದೊಂದು ಚಿಕಿತ್ಸೆಗೆ ಮೊದಲೇ ದರ ನಿಗದಿ, ಮುಂಚಿತ ಅನುಮತಿ ಅಂತ ಈ ಯೋಜನೆಗಳಲ್ಲಿ ಇಟ್ಟಿರೋದು ಅದಕ್ಕೇ.

ಜವಾಬ್ದಾರಿ ಕೇಳೋಕೆ ಒಳ್ಳೆ ಜಾಗಗಳು ಬೇರೆ ಇವೆ. ಅಂಗಡಿಯಲ್ಲಿ ಕೇಳಬಹುದು: ತಂಬಾಕಿನ ಮೇಲೆ ತೆರಿಗೆ ಹಾಕಿದರೆ ಸೇದುವವನು ಕಾಯಿಲೆ ಬರೋ ಮುಂಚೆಯೇ ಒಂದೊಂದು ಕಟ್ಟಿಗೂ ತನ್ನ ಪಾಲು ಕಟ್ಟಿರ್ತಾನೆ. ಬೆಲೆ ಹೆಚ್ಚಿದರೆ ಹೊಸಬರು ಶುರು ಮಾಡೋದೂ ಕಡಿಮೆ. ಆದರೆ 2025ರ ಸೆಪ್ಟೆಂಬರ್‌ನ ಜಿಎಸ್‌ಟಿ ತೀರ್ಮಾನದಲ್ಲಿ ಬೀಡಿ ಮೇಲಿನ ದರವನ್ನ 28%ರಿಂದ 18%ಕ್ಕೆ ಇಳಿಸೋಕೆ ಒಪ್ಪಿದರು. ಬೀಡಿ ಕಟ್ಟೋ ಹೆಂಗಸರ ಹೊಟ್ಟೆಪಾಡು ಅದರ ಹಿಂದೆ ಇದೆ, ಅದು ಸುಳ್ಳಲ್ಲ. ಆದರೆ ತೆರಿಗೆ ಇಳಿಸಿ, ಆಮೇಲೆ ಆಸ್ಪತ್ರೆಯಲ್ಲಿ "ನೀನ್ಯಾಕೆ ಸೇದಿದೆ" ಅಂತ ಕೇಳೋದು ಸರಿ ಹೋಗಲ್ಲ.

ರಸ್ತೆಯಲ್ಲಿ ಕೇಳಬಹುದು: ಹೆಲ್ಮೆಟ್ ಇಲ್ಲದಿದ್ದರೆ ದಂಡ. ಅದೇ ಅಪಘಾತ ಆದ ಮೇಲೆ ಕೇಳೋಕೆ ಹೋಗಬಾರದು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿ ಅಪಘಾತದಲ್ಲಿ ಸಿಕ್ಕ ಹರೀಶ್ ನಂಜಪ್ಪ ಅನ್ನೋ ಯುವಕ, ಸಾಯೋ ಮುಂಚೆ ತನ್ನ ಅಂಗಗಳನ್ನ ದಾನ ಮಾಡಿ ಅಂತ ಕೇಳಿಕೊಂಡಿದ್ದು ನಿಮಗೆ ನೆನಪಿರಬಹುದು. ಅವರ ಹೆಸರಲ್ಲಿ ಸರ್ಕಾರ ತಂದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯಲ್ಲಿ ರಾಜ್ಯದ ರಸ್ತೆಯಲ್ಲಿ ಗಾಯಗೊಂಡ ಯಾರಿಗೇ ಆದರೂ ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆ ಸಿಗ್ತಿತ್ತು. ಗಾಯಾಳು ಶ್ರೀಮಂತನೋ ಬಡವನೋ, ಯಾವ ರಾಜ್ಯದವನೋ ಅನ್ನೋದು ಮುಖ್ಯ ಆಗಿರಲಿಲ್ಲ. ರಕ್ತ ಸುರಿಯುವಾಗ ಮೊದಲು ರಕ್ತ ನಿಲ್ಲಿಸಬೇಕು. ಕೇಸು, ದಂಡ, ಲೈಸೆನ್ಸ್ ಎಲ್ಲ ಆಮೇಲೆ.

ಮನೆ ಬಾಗಿಲಲ್ಲಿ ಕೇಳಬಹುದು: ಮೂವತ್ತು ದಾಟಿದವರ ಬಿಪಿ, ಶುಗರ್ ಪರೀಕ್ಷೆ. ನಮ್ಮ ದೊಡ್ಡ ಯೋಜನೆಗಳ ಕೊರತೆ ಇಲ್ಲೇ ಇದೆ. ಅವು ಅಡ್ಮಿಟ್ ಆದ ಮೇಲೆ ದುಡ್ಡು ಕೊಡ್ತಾವೆ. ದಿನಾ ನುಂಗೋ ಮಾತ್ರೆಗೆ ಕೊಡಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಸ್ಟಾಕ್ ಇಲ್ಲದ ತಿಂಗಳು ಕೂಲಿಯವರು ಮೆಡಿಕಲ್ ಸ್ಟೋರ್‌ಗೆ ಹೋಗಬೇಕು, ಇಲ್ಲ ಮಾತ್ರೆ ಬಿಡಬೇಕು. ಬಿಟ್ಟರೆ ಮುಂದೊಂದು ದಿನ ಪಾರ್ಶ್ವವಾಯು, ಆಗ ಯೋಜನೆ ಲಕ್ಷಗಟ್ಟಲೆ ಕೊಡುತ್ತೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ನೇರವಾಗಿ ಜೇಬಿನಿಂದ ಕೊಡೋ ಪಾಲು 2013-14ರಲ್ಲಿ 64.2% ಇತ್ತು, 2021-22ಕ್ಕೆ 39.4%ಕ್ಕೆ ಇಳಿದಿದೆ ಅಂತ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತೆ. ಇಳಿದಿರೋದು ಒಳ್ಳೆಯದೇ. ಆದರೂ ನೂರಕ್ಕೆ ಸುಮಾರು 40 ರೂಪಾಯಿ ಇನ್ನೂ ಕಾಯಿಲೆ ಬಂದವರ ಜೇಬಿನಿಂದಲೇ ಬರ್ತಾ ಇದೆ.

ಮಾಡಿದಷ್ಟು ನೀಡು ಭಿಕ್ಷೆ

ಕೊಂಡ್ಲಹಳ್ಳಿ, ಚಳ್ಳಕೆರೆ ಕಡೆ ಲಾರಿ, ಟ್ರಾಕ್ಟರ್, ಆಟೋ ಮೇಲೆಲ್ಲ ಈ ಮಾತು ಬರೆದಿರುತ್ತೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ಮಾತು. ಮಾಡಿದವರಿಗೆ ಮಾಡಿದಷ್ಟು. ಮೇಲ್ನೋಟಕ್ಕೆ ಇದು ಮೆಸ್‌ನ ಆ ಹುಡುಗನ ವಾದವೇ: ದುಡಿದವನಿಗೆ ಅವನ ದುಡಿಮೆಯ ಫಲ, ತಪ್ಪು ಮಾಡಿದವನಿಗೆ ಅವನ ತಪ್ಪಿನ ಫಲ.

ಆದರೆ ಜನ ಈ ಮಾತನ್ನ ನೆನೆಯೋದು ಯಾವುದರ ಜೊತೆ ಅಂತ ನೋಡಿ. ಅವರು ಕಟ್ಟಿಸಿದ ಕೆರೆಗಳ ಜೊತೆ. ನಾಯಕನಹಟ್ಟಿ ಸುತ್ತ ಐದು ಕೆರೆ ಕಟ್ಟಿಸಿದರು, ಮಣ್ಣು ಹೊತ್ತವರಿಗೆ ಹೊತ್ತಷ್ಟೇ ಕೂಲಿ ಸಿಗ್ತಿತ್ತು ಅಂತ ಪ್ರತೀತಿ. ಕೂಲಿ ಅವರವರ ಕೆಲಸದಷ್ಟು, ಸರಿ. ಆದರೆ ಕೆರೆ ತುಂಬಿದ ಮೇಲೆ ನೀರು ಊರಿಗೆಲ್ಲ. ಎಷ್ಟು ಬುಟ್ಟಿ ಮಣ್ಣು ಹೊತ್ತೆ ಅಂತ ಕೇಳಿ ಕೊಡ ತುಂಬಿಸಲಿಲ್ಲ. ಹೊರೋಕೆ ಆಗದ ಮುದುಕಿಯೂ ಅದೇ ನೀರು ಕುಡಿದಿರಬೇಕು. ಜವಾಬ್ದಾರಿ ಕೆರೆ ಕಟ್ಟುವಾಗ ಕೇಳಿದ್ದು, ಬಾಯಾರಿದಾಗ ಅಲ್ಲ.

ಸ್ವಾತಂತ್ರ್ಯಕ್ಕೆ ಒಂದು ವರ್ಷ ಮುಂಚೆ, 1946ರಲ್ಲಿ, ಭೋರ್ ಸಮಿತಿ ಹೇಳಿದ್ದೂ ಇದೇ ಅರ್ಥದ ಮಾತು: ದುಡ್ಡು ಕೊಡೋಕೆ ಆಗಲ್ಲ ಅನ್ನೋ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು. ಈಗಿರೋ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ, 2018ರಲ್ಲಿ ಶುರುವಾದಾಗಿನ ನಿಯಮದಂತೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ ಕೊಡುತ್ತೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ 30%, ವರ್ಷಕ್ಕೆ 1.5 ಲಕ್ಷದವರೆಗೆ. ನಿಮ್ಮ ಮನೆ ಯಾವುದಕ್ಕೆ ಸೇರುತ್ತೆ, ಕಾರ್ಡ್ ಮಾಡಿಸಿದ್ದಾರಾ ಅಂತ ಈ ಸಲ ಊರಿಗೆ ಹೋದಾಗ ಕೇಳಿ. ಎಷ್ಟೋ ಮನೆಗಳಿಗೆ ಇದು ಗೊತ್ತಾಗೋದೇ ಬಿಲ್ ಕೈಗೆ ಬಂದ ಮೇಲೆ.

ಇನ್ನು ಮೂರು ವರ್ಷಕ್ಕೆ ನಮ್ಮಲ್ಲಿ ಹೆಚ್ಚಿನವರಿಗೆ ಕೆಲಸ, ಕಂಪನಿಯ ಇನ್ಶೂರೆನ್ಸ್ ಎರಡೂ ಸಿಗುತ್ತೆ. ಆಗ ನಮ್ಮ ಸಂಬಳದಲ್ಲಿ ಟ್ಯಾಕ್ಸ್ ಕಡಿತ ಆದಾಗ ಮೆಸ್‌ನ ಈ ಪ್ರಶ್ನೆ ಇನ್ನೂ ಜೋರಾಗಿ ಕೇಳಿಸುತ್ತೆ. ಅವತ್ತು 0.32 ಮತ್ತು 0.90 ಅನ್ನೋ ಎರಡು ಅಂಕಿ ನೆನಪಿಟ್ಟುಕೊಳ್ಳಿ. ನಿಮ್ಮ ಟ್ಯಾಕ್ಸ್‌ನ ಒಂದು ಸಣ್ಣ ಪಾಲು ಆ ಎರಡರ ಮಧ್ಯೆ ಇದೆ.